ಶಾಲೆಯಲ್ಲಿ ಕನ್ನಡ ಸಿಗದ ಹೈಸ್ಕೂಲ್ ಮಕ್ಕಳಿಗೆ ಭಾನುವಾರದ ಕನ್ನಡ: ಕಾಸರಗೋಡಿನ ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಗಡಿಜಿಲ್ಲೆ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಒಂದು ಸಣ್ಣ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ನಾವು ಪ್ರತಿ ಭಾನುವಾರ ಮಧ್ಯಾಹ್ನ ಕನ್ನಡ ಕಲಿಸುತ್ತೇವೆ. ಕಲಿಸುವವರು ಮೂವರು. ಇಬ್ಬರು ನಿವೃತ್ತ ಮಾಷ್ಟ್ರುಗಳು, ಮತ್ತೆ ನಾನು. ನಾನು ಶಿಕ್ಷಕಿ ಅಲ್ಲ, ಮಗಳಿಗೆ ಕನ್ನಡ ಓದಲು ಬರುವುದಿಲ್ಲ ಅಂತ ಗೊತ್ತಾದ ದಿನ ಈ ಕೆಲಸಕ್ಕೆ ಇಳಿದ ಒಬ್ಬ ಅಮ್ಮ. ಫೋನಿನಲ್ಲಿ, ಮದುವೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಹೆತ್ತವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಆದ್ದರಿಂದ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಈ ತರಗತಿ ಯಾರಿಗೆ?

ಎಂಟನೇ ಕ್ಲಾಸಿನಿಂದ ಪ್ಲಸ್ ಟೂವರೆಗಿನ ಮಕ್ಕಳಿಗೆ. ಮನೆಯಲ್ಲಿ ಕನ್ನಡ ಕೇಳಿ ಬೆಳೆದಿದ್ದಾರೆ, ಮಾತಾಡುತ್ತಾರೆ, ಆದರೆ ಓದಲು ಬರೆಯಲು ಬರುವುದಿಲ್ಲ. ಅಂಥವರೇ ಜಾಸ್ತಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಭಾಷೆಯಾಗಿ ಮಲಯಾಳ ಅಥವಾ ಬೇರೆ ಏನಾದರೂ ತೆಗೆದುಕೊಂಡ ಮಕ್ಕಳು ಇವರು. ಕನ್ನಡ ಮೀಡಿಯಂ ಪ್ರೈಮರಿ ಶಾಲೆಯಲ್ಲಿ ನಾಲ್ಕು ವರ್ಷ ಕಲಿತು, ಆಮೇಲೆ ಮೀಡಿಯಂ ಬದಲಾಯಿಸಿ ಅಕ್ಷರ ಮರೆತವರೂ ಬರುತ್ತಾರೆ. ಅವರಿಗೆ ನೆನಪು ಮರಳಲು ನಾಲ್ಕು ವಾರ ಸಾಕು.

ನಮ್ಮ ಮನೆಮಾತು ತುಳು. ಕನ್ನಡ ಅಲ್ಲವೇ ಅಲ್ಲ. ಆದರೂ ಸೇರಬಹುದಾ?

ಖಂಡಿತ. ನಮ್ಮ ತರಗತಿಯಲ್ಲಿ ಮನೆಯಲ್ಲಿ ತುಳು ಆಡುವವರು, ಹವ್ಯಕ ಕನ್ನಡ ಆಡುವವರು, ಕೊಂಕಣಿ, ಮರಾಠಿ, ಬ್ಯಾರಿ ಆಡುವವರು ಎಲ್ಲರೂ ಇದ್ದಾರೆ. ಪುಸ್ತಕದ ಕನ್ನಡವನ್ನೇ ಮನೆಯಲ್ಲಿ ಆಡುವವರು ನಿಜ ಹೇಳಬೇಕೆಂದರೆ ಕಡಿಮೆ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ವೇದಿಕೆಯಲ್ಲಿ ಹೇಳುತ್ತಾರಲ್ಲ, ಅದು ನಮ್ಮ ಒಂದೇ ಬೆಂಚಿನಲ್ಲಿ ಕೂತಿರುತ್ತದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮೂರಿನಲ್ಲಿ ಮನೆಯ ಮಾತು ಬೇರೆ ಬೇರೆ ಇದ್ದರೂ ಬರಹದ ಮಾತು ತುಂಬ ಕಾಲದಿಂದ ಕನ್ನಡವೇ. ತುಳು ಮನೆಯ ಮದುವೆಯ ಕಾಗದ ಕನ್ನಡದಲ್ಲಿ. ದೇವಸ್ಥಾನದ ಪೂಜೆಯ ರಶೀದಿ ಕನ್ನಡದಲ್ಲಿ. ಯಕ್ಷಗಾನದ ಪ್ರಸಂಗ ಕನ್ನಡದಲ್ಲಿ, ಅದೂ ಕುಂಬಳೆಯ ಯಕ್ಷಗಾನ ಕವಿ ಪಾರ್ತಿ ಸುಬ್ಬನ ಕಾಲದಿಂದ. ಹಳೆಯ ಮೂಲಗೇಣಿ ಚೀಟಿಗಳು ಕನ್ನಡದಲ್ಲಿ. ಮಂಜೇಶ್ವರದ ಕವಿ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಪೆರಡಾಲದಲ್ಲಿ ಮಾಷ್ಟ್ರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. ಇಬ್ಬರೂ ಬರೆದದ್ದು ಕನ್ನಡದಲ್ಲಿ. ರೈಗಳು ತುಳುವಿನಲ್ಲೂ ಬರೆದರು, ಒಂದಕ್ಕೊಂದು ಅಡ್ಡ ಬರಲಿಲ್ಲ.

ಆದ್ದರಿಂದ ತುಳು ಮನೆಯ ಮಗುವಿಗೆ ಕನ್ನಡ ಪರಭಾಷೆ ಅಂತ ನಾವು ಕಲಿಸುವುದಿಲ್ಲ. ಮಗು ತರಗತಿಯಲ್ಲಿ ತುಳುವಿನಲ್ಲಿ ಪ್ರಶ್ನೆ ಕೇಳಿದರೆ ಮಾಷ್ಟ್ರು ತುಳುವಿನಲ್ಲೇ ಉತ್ತರ ಕೊಡುತ್ತಾರೆ. ಆಮೇಲೆ ಅದನ್ನು ಕನ್ನಡದಲ್ಲಿ ಬರೆಸುತ್ತಾರೆ.

ಹತ್ತನೇ ಕ್ಲಾಸಿಗೆ ಬಂದ ಮೇಲೆ ಅ, ಆ, ಇ, ಈ ಶುರು ಮಾಡುವುದು ತಡ ಅಲ್ವಾ?

ತಡ ಅಲ್ಲ. ಒಂದನೇ ಕ್ಲಾಸಿನ ಮಗು ಅಕ್ಷರ ಕಲಿಯುವಾಗ ಭಾಷೆಯನ್ನೂ ಕಲಿಯುತ್ತಿರುತ್ತದೆ. ನಿಮ್ಮ ಮಗಳಿಗೆ ಭಾಷೆ ಆಗಲೇ ಕಿವಿಯಲ್ಲಿದೆ. ಅಕ್ಷರ ಮಾತ್ರ ಬೇಕು. ಅದೂ ಮಲಯಾಳ ಓದಲು ಬರುವ ಮಗುವಾದರೆ ಅರ್ಧ ದಾರಿ ನಡೆದಾಗಿದೆ. ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರ. ಕ, ಖ, ಗ, ಘ ಸಾಲು ಎರಡೂ ಭಾಷೆಯಲ್ಲಿ ಒಂದೇ ಕ್ರಮದಲ್ಲಿದೆ. ಸ್ವರದ ಚಿಹ್ನೆ ವ್ಯಂಜನಕ್ಕೆ ಅಂಟಿಕೊಳ್ಳುವ ರೀತಿಯೂ ಗೊತ್ತಿರುತ್ತದೆ. ಬದಲಾಗುವುದು ಆಕಾರ ಮಾತ್ರ.

ಹತ್ತು ಹನ್ನೆರಡು ಭಾನುವಾರ ಕಳೆದರೆ ಹೆಚ್ಚಿನ ಮಕ್ಕಳು ಬಸ್ಸಿನ ಬೋರ್ಡು, ಅಂಗಡಿಯ ಹೆಸರು ಓದುತ್ತಾರೆ. ಪೇಪರಿನ ದೊಡ್ಡಕ್ಷರದ ತಲೆಬರಹವನ್ನೂ ಓದುತ್ತಾರೆ. ಆಮೇಲೆ ನಿಲ್ಲುವುದು ಒತ್ತಕ್ಷರದಲ್ಲಿ. 'ಅಮ್ಮ', 'ಅಪ್ಪ' ಸುಲಭ. 'ಶಾಸ್ತ್ರ', 'ಸ್ವಾತಂತ್ರ್ಯ' ಬಂದಾಗ ಕಣ್ಣು ಕೆಳಗೂ ಮೇಲೂ ಓಡುತ್ತದೆ. ಅರ್ಕಾವೊತ್ತು ಇನ್ನೊಂದು ತಲೆನೋವು. 'ಸೂರ್ಯ' ಎಂಬಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ನಂತರ ಬರೆಯುತ್ತೇವೆ. ಮಕ್ಕಳು ಇದನ್ನು ಒಪ್ಪಲು ಸ್ವಲ್ಪ ದಿನ ಬೇಕು. ನಾವು ಅವಸರ ಮಾಡುವುದಿಲ್ಲ.

ಸೊನ್ನೆ ಮಾತ್ರ ಎಲ್ಲರಿಗೂ ಇಷ್ಟ. ಅಂಗಡಿ, ಪಂಚೆ, ತಂದೆ, ಕಂಬ, ಎಲ್ಲದಕ್ಕೂ ಅದೇ ಒಂದು ಸೊನ್ನೆ. ಮಲಯಾಳದಲ್ಲಿ ಇಂಥ ಕಡೆ ಬೇರೆ ಬೇರೆ ಕೂಡಕ್ಷರ ಬರೆದು ಸುಸ್ತಾದ ಮಕ್ಕಳಿಗೆ ಇದು ದೊಡ್ಡ ಬಿಡುಗಡೆ.

ಮಲಯಾಳ ಕಲಿಯುವುದಕ್ಕೆ ತೊಂದರೆ ಆಗುವುದಿಲ್ವಾ? ಎರಡೂ ಕಲಸಿಹೋದರೆ?

ಸ್ವಲ್ಪ ದಿನ ಕಲಸುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಮಲಯಾಳದಲ್ಲಿ ಪದದ ನಡುವಿನ ಕಕಾರವನ್ನು ಗಕಾರದ ಹಾಗೆ ಓದುತ್ತಾರೆ. ಆ ಅಭ್ಯಾಸದಿಂದ ಮಕ್ಕಳು 'ಮಗಳು' ಅನ್ನಲು 'ಮಕಳು' ಅಂತ ಬರೆಯುತ್ತಾರೆ. ಇನ್ನೊಂದು, ಕ್ರಿಯಾಪದ. ಮಲಯಾಳದಲ್ಲಿ ಞಾನ್ ವನ್ನು, ಅವಳ್ ವನ್ನು, ಅವರ್ ವನ್ನು. ಯಾರು ಬಂದರೂ 'ವನ್ನು'. ಕನ್ನಡದಲ್ಲಿ ಬಂದೆ, ಬಂದಳು, ಬಂದರು. ಮನೆಯಲ್ಲಿ ಸರಿಯಾಗಿ ಮಾತಾಡುವ ಮಗುವೂ ಬರೆಯಲು ಕೂತರೆ 'ಅಕ್ಕ ಬಂತು' ಅಂತ ಬರೆದುಬಿಡುತ್ತದೆ. ನಗಬೇಡಿ. ನಾವೂ ನಗುವುದಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿಸಿದರೆ ಕಿವಿಯೇ ತಿದ್ದುತ್ತದೆ.

ಆದರೆ ಲಾಭದ ಕಡೆ ನೋಡಿ. ಮಲಯಾಳದ ಪಾಲ್, ಪುಲಿ, ಪಲ್ಲ್, ಪೂವ್ ಕನ್ನಡದಲ್ಲಿ ಹಾಲು, ಹುಲಿ, ಹಲ್ಲು, ಹೂವು. ತುಳುವಿನಲ್ಲೂ ಪಿಲಿ, ಪೂ. ಅಲ್ಲಿಯ ಪಕಾರ ಇಲ್ಲಿ ಹಕಾರ. ಹಾಗೆಯೇ ವಳ ಅಂದರೆ ಬಳೆ, ವಾಳ ಅಂದರೆ ಬಾಳೆ. ಈ ಎರಡು ಕೀಲಿ ಕೈಗೆ ಕೊಟ್ಟರೆ ಮಕ್ಕಳು ತಾವೇ ಐವತ್ತು ಪದ ಹುಡುಕಿ ತರುತ್ತಾರೆ. ನನಗೆ ತುಂಬ ಖುಷಿ ಕೊಡುವ ಪಾಠ ಅದು. ಹತ್ತನೇ ಶತಮಾನದಲ್ಲಿ ಪಂಪನ ಕಾಲದ ಕನ್ನಡದಲ್ಲೂ ಹುಲಿಗೆ ಪುಲಿ ಅಂತಲೇ ಇತ್ತು. ಹಕಾರ ಬಂದದ್ದು ಆಮೇಲೆ. ಬೆಂಗಳೂರಿನ ಮಗುವಿಗೆ ಟಿಪ್ಪಣಿ ನೋಡಿ ತಿಳಿಯಬೇಕಾದ ಹಳಗನ್ನಡ ಪದ ಕುಂಬಳೆಯ ಮಗುವಿಗೆ ಸುಮ್ನೆ ಕೇಳಿದರೆ ಗೊತ್ತಾಗುತ್ತದೆ. ಗಡಿಯಲ್ಲಿ ಹುಟ್ಟಿದ್ದು ಕೊರತೆ ಅಂತ ಮಕ್ಕಳಿಗೆ ಎಲ್ಲರೂ ಹೇಳಿರುತ್ತಾರೆ. ಅದೇ ಅವರ ಬಂಡವಾಳ ಅಂತ ತೋರಿಸಲು ಇಷ್ಟು ಸಾಕು.

ಮಲಯಾಳ ಬಿಡಿ ಅಂತ ನಾವು ಯಾರಿಗೂ ಹೇಳುವುದಿಲ್ಲ. ಕೇರಳದ ಶಾಲೆಗಳಲ್ಲಿ ಹತ್ತನೇ ಕ್ಲಾಸಿನವರೆಗೆ ಮಲಯಾಳ ಕಲಿಯುವುದು 2017ರ ಕಾನೂನಿನಿಂದ ಕಡ್ಡಾಯ. ಕಾನೂನು ಇಲ್ಲದಿದ್ದರೂ ಇಲ್ಲಿ ಬದುಕುವವರಿಗೆ ಮಲಯಾಳ ಬೇಕು. ಆಸ್ಪತ್ರೆಗೆ, ಬ್ಯಾಂಕಿಗೆ, ಗೆಳೆತನಕ್ಕೆ ಬೇಕು. ನಮ್ಮ ಕೇಳಿಕೆ ಇಷ್ಟೇ: ಅದರ ಜೊತೆಗೆ ಇದೂ ಇರಲಿ.

ಶಾಲೆಯಲ್ಲೇ ಕನ್ನಡ ಕೇಳುವ ಹಕ್ಕು ನಮಗಿಲ್ವಾ? ಹೊರಗೆ ಯಾಕೆ ಹೋಗಬೇಕು?

ಈ ಪ್ರಶ್ನೆ ಕೇಳುವವರ ದನಿಯಲ್ಲಿ ಸಿಟ್ಟಿರುತ್ತದೆ. ಸಿಟ್ಟಿಗೆ ಕಾರಣವೂ ಇದೆ. ನನ್ನ ಅಜ್ಜನ ಶಾಲೆಯ ಸರ್ಟಿಫಿಕೇಟಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಅಂತ ಇದೆ. ಅಪ್ಪನದ್ದರಲ್ಲಿ ಕಣ್ಣಾನೂರು. ನನ್ನದರಲ್ಲಿ ಕಾಸರಗೋಡು. ಮನೆ ಅದೇ, ಬಾವಿ ಅದೇ. 1956ರ ನವೆಂಬರ್ 1ಕ್ಕೆ ರಾಜ್ಯ ಬದಲಾಯಿತು, 1984ರಲ್ಲಿ ಜಿಲ್ಲೆ ಬದಲಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಅಂತ ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದೂ ನಮ್ಮ ಹಿರಿಯರಿಗೆ ಬಾಯಿಪಾಠ.

ಕಾನೂನಿನ ವಿಷಯಕ್ಕೆ ಬರೋಣ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ. ಆದರೆ ಆ ವಿಧಿಯಲ್ಲಿ ಇರುವುದು ಪ್ರಾಥಮಿಕ ಹಂತ ಎಂಬ ಮಾತು. ಹೈಸ್ಕೂಲಿನ ಹೆಸರು ಅಲ್ಲಿಲ್ಲ. ನಮ್ಮ ಕಷ್ಟ ಶುರುವಾಗುವುದೂ ಸರಿಯಾಗಿ ಅಲ್ಲೇ. ಜಿಲ್ಲೆಯಲ್ಲಿ ಕನ್ನಡ ಮೀಡಿಯಂ ಹೈಸ್ಕೂಲುಗಳಿವೆ. ಎಸ್ಸೆಸ್ಸೆಲ್ಸಿಯನ್ನು ಕನ್ನಡದಲ್ಲಿ ಬರೆಯಬಹುದು. ಪ್ಲಸ್ ಟೂನಲ್ಲಿ ಕನ್ನಡವನ್ನು ಎರಡನೇ ಭಾಷೆಯಾಗಿ ತೆಗೆದುಕೊಳ್ಳುವ ಅವಕಾಶ ಕೆಲವು ಶಾಲೆಗಳಲ್ಲಿದೆ. ಆದರೆ ನಿಮ್ಮ ಮನೆಯ ಹತ್ತಿರದ ಶಾಲೆಯಲ್ಲಿ, ನಿಮಗೆ ಬೇಕಾದ ಮೀಡಿಯಂನಲ್ಲಿ ಓದುತ್ತಾ, ಜೊತೆಗೆ ಕನ್ನಡವೂ ಸಿಗಬೇಕು ಅಂದರೆ ಬಾಗಿಲು ಕಿರಿದಾಗುತ್ತದೆ. ಕನ್ನಡ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಮಕ್ಕಳೂ ಹೆತ್ತವರೂ ಪ್ರತಿಭಟನೆಗೆ ಇಳಿದದ್ದನ್ನು ಎಲ್ಲರೂ ಪೇಪರಿನಲ್ಲಿ ಓದಿದ್ದೀರಿ.

ಹಾಗಂತ ಕೇಳುವುದನ್ನು ಬಿಡಬೇಡಿ. ಹೆಡ್‌ಮಾಸ್ಟರಿಗೆ ಬರೆದು ಕೊಡಿ. ಪಿಟಿಎ ಸಭೆಯಲ್ಲಿ ಎದ್ದು ನಿಂತು ಕೇಳಿ. ಸಿಬಿಎಸ್ಇ ಶಾಲೆಯಾದರೆ, ಬೋರ್ಡಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ ಎಂದು ನೆನಪಿಸಿ. ಶಾಲೆ ಮನಸ್ಸು ಮಾಡಿ ಶಿಕ್ಷಕರನ್ನು ಇಡಬೇಕು, ಅಷ್ಟೆ. ಆದರೆ ಉತ್ತರ ಬರುವಷ್ಟರಲ್ಲಿ ಮಗು ಪ್ಲಸ್ ಟೂ ಮುಗಿಸಿರುತ್ತದೆ. ಅದಕ್ಕೇ ಭಾನುವಾರದ ತರಗತಿ.

ಮಗ ಬರಲು ಒಪ್ಪುವುದೇ ಇಲ್ಲ. ಏನು ಮಾಡಲಿ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಬಸ್ಸು ಹೊಂದಿಸಬಹುದು, ಪುಸ್ತಕ ತರಿಸಬಹುದು. ಹದಿನಾಲ್ಕು ವರ್ಷದ ಹುಡುಗನ ನಾಚಿಕೆಯನ್ನು ಹೇಗೆ ಹೊಂದಿಸುವುದು?

ಹೆಚ್ಚಿನವರು ಸೋಮಾರಿತನ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಶಾಲೆಯಲ್ಲಿ ಒಳ್ಳೆ ಅಂಕ ತೆಗೆಯುವ ಮಗುವಿಗೆ, ಒಂದನೇ ಕ್ಲಾಸಿನವರ ಹಾಗೆ ಕೂತು 'ಗಮನ', 'ಸರಸ' ಅಂತ ಕೂಡಿಸಿ ಓದುವುದು ಅವಮಾನ. ಅದೂ ಎಲ್ಲರ ಎದುರು.

ನನ್ನ ಮಗಳದ್ದೇ ಹೇಳುತ್ತೇನೆ. ಅವಳ ಶಾಲೆಯಲ್ಲಿ ಕನ್ನಡ ಇರಲಿಲ್ಲ. ಒಮ್ಮೆ ಕಾರಿಡಾರಿನಲ್ಲಿ ಗೆಳತಿಯ ಜೊತೆ ಕನ್ನಡ ಮಾತಾಡಿದ್ದಕ್ಕೆ ಡೈರಿಯಲ್ಲಿ ದೂರು ಬರೆದು ಕಳಿಸಿದ್ದರು. ನಾನು ಸಹಿ ಹಾಕಿ ಕೊಟ್ಟೆ. ಏನೂ ಕೇಳಲಿಲ್ಲ. ಇವತ್ತಿಗೂ ಆ ಸಹಿ ನನ್ನನ್ನು ಚುಚ್ಚುತ್ತದೆ. ಅದಾಗಿ ಎರಡು ವರ್ಷಕ್ಕೆ ನನ್ನ ಅತ್ತೆ ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ಹಾಡು ಬರೆದಿಟ್ಟ ಒಂದು ಪುಸ್ತಕ ಸಿಕ್ಕಿತು. ಮದುವೆಯ ಹಾಡು, ಆರತಿಯ ಹಾಡು, ತೊಟ್ಟಿಲಿನ ಹಾಡು. ಮಗಳು ಆ ಹಾಡುಗಳನ್ನು ಅಜ್ಜಿಯ ಬಾಯಿಯಲ್ಲಿ ಕೇಳಿ ಬೆಳೆದವಳು. ಪುಸ್ತಕವನ್ನು ತೆರೆದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕೈಗೆ ಕೊಟ್ಟು, "ಅಮ್ಮಾ, ಇದರಲ್ಲಿ ಯಾವ ಹಾಡು ಎಲ್ಲಿದೆ ಅಂತ ನನಗೆ ಗೊತ್ತಾಗುವುದಿಲ್ಲ" ಅಂದಳು. ಮುಂದಿನ ವಾರ ನಾವಿಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಶುರು ಮಾಡಿದೆವು.

ಹಾಗಾಗಿ ನನ್ನ ಸಲಹೆ ಇದು. ಭಾಷಾಭಿಮಾನದ ಭಾಷಣ ಬೇಡ. ಮಗುವಿಗೆ ಯಾವುದು ಇಷ್ಟವೋ ಅದರ ಬಾಗಿಲಿನಿಂದ ಒಳಗೆ ಕರೆಯಿರಿ. ಯಕ್ಷಗಾನ ಕಲಿಯುವ ಹುಡುಗರು ಪದ್ಯವನ್ನು ಇಂಗ್ಲಿಷ್ ಅಕ್ಷರದಲ್ಲೋ ಮಲಯಾಳ ಅಕ್ಷರದಲ್ಲೋ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಹಾಗೆ ಬರೆದರೆ ಅರ್ಥ ಹೇಳುವಾಗ ಸಿಕ್ಕಿಬೀಳುತ್ತಾರೆ. ಅಂಥವರಿಗೆ ನಾವು ಪ್ರಸಂಗದ ಪುಸ್ತಕದಿಂದಲೇ ಅಕ್ಷರ ಕಲಿಸುತ್ತೇವೆ. ಕ್ರಿಕೆಟ್ ಹುಚ್ಚಿನವರಿಗೆ ಪೇಪರಿನ ಕ್ರೀಡಾಪುಟ. ಇನ್ನು ದೊಡ್ಡ ಮಕ್ಕಳನ್ನು ಸಣ್ಣವರ ಜೊತೆ ಕೂರಿಸುವುದಿಲ್ಲ. ಮೊದಲ ಒಂದು ತಿಂಗಳು ಯಾರನ್ನೂ ಎಲ್ಲರೆದುರು ಗಟ್ಟಿಯಾಗಿ ಓದಿಸುವುದಿಲ್ಲ. ಪಕ್ಕದಲ್ಲಿ ಕೂತು, ಮಾಷ್ಟ್ರಿಗೆ ಮಾತ್ರ ಕೇಳುವ ಹಾಗೆ ಓದಿದರೆ ಸಾಕು.

ಮೂರು ವಾರ ಬಂದು ನೋಡಲಿ. ಆಮೇಲೂ ಬೇಡ ಅಂದರೆ ಬಿಡಿ, ಒತ್ತಾಯ ಮಾಡಬೇಡಿ. ಒಂದು ವರ್ಷ ಬಿಟ್ಟು ತಾನೇ ಬಂದ ಹುಡುಗರೂ ಇದ್ದಾರೆ.

ಯಾವಾಗ ನಡೆಯುತ್ತದೆ? ಭಾನುವಾರ ಮಧ್ಯಾಹ್ನವೇ ಯಾಕೆ?

ಎರಡು ಗಂಟೆಯಿಂದ ನಾಲ್ಕರವರೆಗೆ. ಬೆಳಿಗ್ಗೆ ಇಟ್ಟರೆ ಮದ್ರಸಕ್ಕೆ ಹೋಗುವ ಮಕ್ಕಳು ಬರಲಾಗುವುದಿಲ್ಲ, ಚರ್ಚಿಗೆ ಹೋಗುವವರಿಗೂ ಕಷ್ಟ. ಸಂಜೆ ಇಟ್ಟರೆ ಹುಡುಗಿಯರನ್ನು ಕಳಿಸಲು ಮನೆಯವರು ಹಿಂದೆ ಮುಂದೆ ನೋಡುತ್ತಾರೆ. ಕತ್ತಲಾಗುವ ಮೊದಲು ಎಲ್ಲರೂ ಮನೆ ಸೇರಬೇಕು. ಶನಿವಾರ ಬೇಡ, ಹೈಸ್ಕೂಲಿನವರಿಗೆ ಆ ದಿನ ಶಾಲೆಯೋ ಟ್ಯೂಷನ್ನೋ ಇದ್ದೇ ಇರುತ್ತದೆ.

ಬಸ್ಸಿನ ಕನ್ಸೆಷನ್ ಶಾಲೆಯ ದಿನಕ್ಕೆ, ಶಾಲೆಯ ದಾರಿಗೆ. ಭಾನುವಾರ ಅದನ್ನು ನಂಬಿ ಹೊರಡಬೇಡಿ, ಪೂರ್ತಿ ಟಿಕೆಟಿನ ಹಣ ಕೊಟ್ಟು ಕಳಿಸಿ. ಒಂದೇ ದಾರಿಯ ನಾಲ್ಕು ಮನೆಯವರು ಸೇರಿ ಒಂದು ಆಟೋ ಮಾಡುವುದು ಹೆಚ್ಚು ಅನುಕೂಲ. ಮಳೆಗಾಲದಲ್ಲಿ ಜೋರು ಮಳೆ ಬಂದರೆ ತರಗತಿ ಇಲ್ಲ. ಹತ್ತನೇ ಕ್ಲಾಸಿನವರಿಗೂ ಪ್ಲಸ್ ಟೂನವರಿಗೂ ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ರಜೆ. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೆ ಮೂರು ದಿನ ನಡೆಸುತ್ತೇವೆ. ಹೊಸದಾಗಿ ಸೇರಲು ಅದೇ ಒಳ್ಳೆ ಸಮಯ.

ಫೀಸು ಎಷ್ಟು?

ಇಲ್ಲ. ಚಹಾ, ಬಿಸ್ಕೆಟಿಗೆ ಯಾರಾದರೂ ಒಬ್ಬರು ಕೊಡುತ್ತಾರೆ.

ಯಾವ ಪುಸ್ತಕ ಓದಿಸುತ್ತೀರಿ? ಎಲ್ಲಿ ಸಿಗುತ್ತದೆ?

ಕೇರಳದಲ್ಲಿ ಪಠ್ಯಪುಸ್ತಕ ತಯಾರಿಸುವ ಸಂಸ್ಥೆ ಎಸ್‌ಸಿಇಆರ್‌ಟಿ ಕನ್ನಡ ಮೀಡಿಯಂ ಪಠ್ಯಪುಸ್ತಕಗಳನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿದೆ, ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೂ ಹಾಗೆಯೇ ಸಿಗುತ್ತವೆ. ಅದರಲ್ಲಿ ಪ್ರಥಮ ಭಾಷೆಯ 'ಸಿರಿ ಕನ್ನಡ' ನಮ್ಮ ಹೊಸ ಮಕ್ಕಳಿಗೆ ಭಾರ. ದ್ವಿತೀಯ ಭಾಷೆಯ 'ತಿಳಿ ಕನ್ನಡ' ಹೆಚ್ಚು ಹೊಂದುತ್ತದೆ. ಸ್ಟೋರಿವೀವರ್ ಎಂಬ ವೆಬ್‌ಸೈಟಿನಲ್ಲಿ ಚಿತ್ರಗಳ ಜೊತೆ ಕನ್ನಡ ಕಥೆಗಳು ಹಂತ ಹಂತವಾಗಿ ಇವೆ. ಪದದ ಅರ್ಥಕ್ಕೆ ಅಲರ್ ನಿಘಂಟು ಮೊಬೈಲಿನಲ್ಲೇ ತೆರೆಯುತ್ತದೆ.

ಆದರೆ ನಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ದಿನಪತ್ರಿಕೆಯ ಕಾಸರಗೋಡು ಪುಟ. ತನ್ನ ಊರಿನ ಜಾತ್ರೆ, ತನ್ನ ಶಾಲೆಯ ಪಂದ್ಯ, ತಾನು ನಡೆಯುವ ರಸ್ತೆಯ ಹೊಂಡ ಅಲ್ಲಿರುತ್ತದೆ. ಗೊತ್ತಿರುವ ಸುದ್ದಿಯನ್ನು ಓದುವಾಗ ಅರ್ಧ ಪದ ಊಹೆಯಲ್ಲೇ ಬಿಡಿಸಿಕೊಳ್ಳುತ್ತದೆ. ಹೆಸರುಗಳಲ್ಲೂ ಪಾಠ ಇದೆ. ಕಾಞಂಗಾಡಿನ ಹೊಸದುರ್ಗ ಅಂದರೆ ಹೊಸ ಕೋಟೆ. ಅಲ್ಲೇ ಇರುವ ಪುದಿಯಕೋಟ ಅಂದರೂ ಅದೇ ಅರ್ಥ. ಮಕ್ಕಳು ಇದನ್ನು ತಾವೇ ಕಂಡುಹಿಡಿದಾಗ ಕೋಣೆಯಲ್ಲಿ ಗದ್ದಲವೋ ಗದ್ದಲ.

ಆನ್‌ಲೈನಿನಲ್ಲೇ ಕಲಿತರೆ ಸಾಲದಾ?

ಅಕ್ಷರ ಗುರುತಿಸಲು ಸಾಕು. 2020ರಲ್ಲಿ ಶಾಲೆ ಮುಚ್ಚಿದ್ದಾಗ ಕೇರಳ ಸರಕಾರ ನಡೆಸಿದ 'ಫಸ್ಟ್ ಬೆಲ್' ಆನ್‌ಲೈನ್ ಪಾಠಗಳು ಕನ್ನಡದಲ್ಲೂ ಬಂದಿದ್ದವು, ನಮ್ಮ ಕೆಲವು ಮಕ್ಕಳು ಅದರಿಂದಲೇ ಶುರು ಮಾಡಿದರು. ಬರೆಯುವುದಕ್ಕೆ ಮಾತ್ರ ಪಕ್ಕದಲ್ಲಿ ಒಬ್ಬರು ಬೇಕು. ಒತ್ತು ಎಲ್ಲಿ ಶುರುವಾಗುತ್ತದೆ, ಕೈ ಯಾವ ಕಡೆ ತಿರುಗುತ್ತದೆ ಅನ್ನುವುದು ಸ್ಕ್ರೀನಿನಲ್ಲಿ ಕಾಣುವುದಿಲ್ಲ. ಮಂಗಳೂರಿನಲ್ಲೋ ಗಲ್ಫಿನಲ್ಲೋ ಇರುವ ನಮ್ಮೂರ ಮಕ್ಕಳಿಗೆ ಬುಧವಾರ ರಾತ್ರಿ ಒಂದು ಗಂಟೆ ಫೋನಿನಲ್ಲಿ ಓದಿಸುತ್ತೇವೆ. ಮೊಬೈಲಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಳ್ಳುವುದನ್ನು ಮೊದಲ ದಿನವೇ ಕಲಿಸುತ್ತೇವೆ. ಆವತ್ತಿನಿಂದ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ ಇಲ್ಲ.

ಮಗುವಿಗೆ ನಡೆದಾಡಲು ಆಗುವುದಿಲ್ಲ. ಕಲಿಕೆಯೂ ನಿಧಾನ. ಅಂಥವರಿಗೆ?

ನಾವೇ ಮನೆಗೆ ಬರುತ್ತೇವೆ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ನೇ ಇಸವಿಯವರೆಗೆ. ಅದರ ನೋವು ಇನ್ನೂ ಆ ಮನೆಗಳಲ್ಲಿ ಇದೆ. ಅಲ್ಲಿ ಹೆಚ್ಚಿನ ಮನೆಗಳ ಮಾತು ತುಳು, ಕನ್ನಡ. ಮಗುವಿನ ಜೊತೆ ಹಾಸಿಗೆಯ ಪಕ್ಕ ಕೂತು ಕಥೆ ಓದುವುದೂ ತರಗತಿಯೇ. ಅಕ್ಷರ ಬಂದರೆ ಸಂತೋಷ, ಬಾರದಿದ್ದರೂ ಕಥೆ ನಿಲ್ಲುವುದಿಲ್ಲ. ತಿಂಗಳಿಗೆ ಎರಡು ಸಲ ಬರಬಲ್ಲೆವು. ನಿಮ್ಮ ಅನುಕೂಲದ ಸಮಯ ಹೇಳಿ.

ಸರ್ಟಿಫಿಕೇಟ್ ಸಿಗುತ್ತದಾ? ಅಂಕಕ್ಕೆ ಸೇರುತ್ತದಾ?

ನಮ್ಮ ತರಗತಿಯಿಂದ ಇಲ್ಲ. ಇದಕ್ಕೆ ಎಸ್ಸೆಸ್ಸೆಲ್ಸಿಯಲ್ಲಿ ಒಂದು ಅಂಕವೂ ಸೇರುವುದಿಲ್ಲ. ಕಾಗದ ಬೇಕು ಅಂದರೆ ಬೇರೆ ದಾರಿ ಇದೆ. 1915ರಲ್ಲಿ ಶುರುವಾದ ಕನ್ನಡ ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಅಂತ ನಾಲ್ಕು ಪರೀಕ್ಷೆ ನಡೆಸುತ್ತದೆ. ಪರಿಷತ್ತಿಗೆ ಕೇರಳ ಗಡಿನಾಡ ಘಟಕವೂ ಇದೆ. ಎರಡು ವರ್ಷ ಕಲಿತ ಮಗು ಪ್ರವೇಶಕ್ಕೆ ಕೂರಬಹುದು. ರಾಷ್ಟ್ರೀಯ ಮುಕ್ತ ಶಾಲೆಯ ಸೆಕೆಂಡರಿ ಪರೀಕ್ಷೆಯಲ್ಲೂ ಕನ್ನಡ ಒಂದು ವಿಷಯ.

ಇನ್ನೊಂದು ಬಾಗಿಲು ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆ, ಶಾಲಾ ಕಲೋತ್ಸವ. ಅಲ್ಲಿ ಕನ್ನಡ ಪದ್ಯ ಹೇಳುವ ಸ್ಪರ್ಧೆ ಇದೆ, ಯಕ್ಷಗಾನವೂ ಇದೆ. ಶಾಲೆಯಲ್ಲಿ ಕನ್ನಡ ಪಾಠ ಇಲ್ಲದಿದ್ದರೂ ಸ್ಪರ್ಧೆಗೆ ಹೆಸರು ಕೊಡಿ ಅಂತ ಶಾಲೆಯವರನ್ನು ಕೇಳಿ ನೋಡಿ.

ಮುಂದೆ ಇದರಿಂದ ಏನು ಪ್ರಯೋಜನ?

ಪ್ರಯೋಜನ ಕೇಳುವುದು ತಪ್ಪಲ್ಲ. ದುಡಿದು ತಿನ್ನುವ ಮನೆಗಳು ಕೇಳಲೇಬೇಕು.

ಕೇರಳದ ಲೋಕಸೇವಾ ಆಯೋಗ (ಪಿಎಸ್‌ಸಿ) ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆ ಅಂತಲೇ ಕ್ಲರ್ಕ್ ಹುದ್ದೆಗೆ ಅರ್ಜಿ ಕರೆಯುತ್ತದೆ. ಕನ್ನಡ ಮೀಡಿಯಂ ಶಿಕ್ಷಕರ ಹುದ್ದೆಗಳು ಬೇರೆ ಇವೆ. ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ ಕೆ-ಟೆಟ್‌ನಲ್ಲಿ ಕನ್ನಡ ಇದೆ. ಕನ್ನಡ ಬಾರದ ಶಿಕ್ಷಕರು ಕನ್ನಡ ತರಗತಿಗೆ ಬಂದರು ಅಂತ ದುಃಖಪಡುತ್ತೇವಲ್ಲ, 10 ವರ್ಷದ ನಂತರ ಆ ಕುರ್ಚಿಯಲ್ಲಿ ಕೂರಬೇಕಾದವರು ಇವತ್ತು ಎಂಟನೇ ಕ್ಲಾಸಿನಲ್ಲಿದ್ದಾರೆ. ಅವರಿಗೆ ಎರಡೂ ಭಾಷೆ ಚೆನ್ನಾಗಿ ಬರಬೇಕು.

ಕರ್ನಾಟಕದ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಇದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು ಆ ಪಟ್ಟಿಯಲ್ಲಿವೆ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳೂ ಇವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಜೊತೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಮಾತಾಡಲು ಬಂದರೆ ಸಾಲದು, ಅದು ಬರೆಯುವ ಪರೀಕ್ಷೆ. ಪ್ಲಸ್ ಟೂ ಮಾರ್ಚ್ ತಿಂಗಳಲ್ಲಿ ಅಕ್ಷರ ಕಲಿಸಿ ಅಂತ ಓಡಿಬರುವವರು ಪ್ರತಿವರ್ಷ ಇರುತ್ತಾರೆ. ದಯವಿಟ್ಟು ಎಂಟರಲ್ಲೋ ಒಂಬತ್ತರಲ್ಲೋ ಕಳಿಸಿ. ನಿಯಮದ ವಿವರಗಳನ್ನು ಆಯಾ ವರ್ಷದ ಸಿಇಟಿ ಪುಸ್ತಕದಲ್ಲೇ ಓದಿಕೊಳ್ಳಿ, ಪಕ್ಕದ ಮನೆಯವರ ಮಾತು ಕೇಳಿ ಹೊರಡಬೇಡಿ.

ಮುಂದೆ ಕನ್ನಡವನ್ನೇ ಓದಬೇಕು ಅನ್ನುವವರಿಗೆ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಬಿಎ, ಎಂಎ ಎರಡೂ ಇದೆ.

ಇನ್ನು, ಉದ್ಯೋಗಕ್ಕೆ ಸಂಬಂಧ ಇಲ್ಲದ ಒಂದು ಪ್ರಯೋಜನ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೂ ಬರೆಯಬಹುದು. ಉತ್ತರವೂ ಕನ್ನಡದಲ್ಲಿ ಬರಬೇಕು. ಎರಡನೇ ವರ್ಷದ ಮಕ್ಕಳಿಗೆ ಇದೇ ನಮ್ಮ ಪರೀಕ್ಷೆ. ದಾರಿದೀಪ ಉರಿಯುತ್ತಿಲ್ಲ, ತೋಡಿನ ಸಂಕ ಮುರಿದಿದೆ, ಇಂಥ ಒಂದು ನಿಜವಾದ ದೂರನ್ನು ಕನ್ನಡದಲ್ಲಿ ಬರೆದು ಕಚೇರಿಗೆ ಕೊಟ್ಟು ಬರಬೇಕು. ಹಕ್ಕು ಇದ್ದೂ ಬರೆಯುವವರು ಇಲ್ಲದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ, ಅಲ್ವಾ?

ನಮ್ಮೂರಿನಲ್ಲಿ ಇಂಥ ತರಗತಿ ಇಲ್ಲ. ನಾವೇ ಶುರು ಮಾಡಬಹುದಾ?

ಮಾಡಿ. ಐದು ಮಕ್ಕಳು, ಒಬ್ಬರು ಕಲಿಸುವವರು, ಒಂದು ಜಾಗ. ನಮ್ಮ ಜಿಲ್ಲೆಯಲ್ಲಿ ಊರೂರಿಗೆ ಗ್ರಂಥಾಲಯ ಇದೆ. ಭಾನುವಾರ ಮಧ್ಯಾಹ್ನ ಹೆಚ್ಚಿನವು ಖಾಲಿ. ಸಮಿತಿಯವರನ್ನು ಕೇಳಿದರೆ ಇಲ್ಲ ಅನ್ನುವವರು ಅಪರೂಪ. ಭಜನಾ ಮಂದಿರ ಹತ್ತಿರ ಇದ್ದರೂ ನಾವು ಗ್ರಂಥಾಲಯವನ್ನೇ ಆರಿಸಿದೆವು. ಎಲ್ಲ ಮತದ ಮಕ್ಕಳೂ ಸಂಕೋಚ ಇಲ್ಲದೆ ಮೆಟ್ಟಿಲು ಹತ್ತಬೇಕು.

ಕಲಿಸುವವರಿಗೆ ನಿವೃತ್ತ ಕನ್ನಡ ಮಾಷ್ಟ್ರನ್ನು ಹುಡುಕಿ. ಅವರು ಪ್ರತಿ ಊರಿನಲ್ಲೂ ಇದ್ದಾರೆ, ಯಾರಾದರೂ ಕರೆಯಲಿ ಅಂತ ಕಾಯುತ್ತಲೂ ಇದ್ದಾರೆ. ಹಣದ ಚಿಂತೆ ಮೊದಲ ವರ್ಷ ಬೇಡ. ನೋಂದಾಯಿತ ಸಂಘ ಆದ ಮೇಲೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಅದು ಗಡಿಯಾಚೆಯ ಕನ್ನಡ ಸಂಸ್ಥೆಗಳಿಗೂ ನೆರವು ಕೊಡುತ್ತದೆ. ಆದರೆ ಮೊದಲು ತರಗತಿ, ಆಮೇಲೆ ಸಂಘ. ಉದ್ಘಾಟನೆಗೆ ಶಾಮಿಯಾನ ಹಾಕಿ, ಎರಡನೇ ವಾರ ಬಾಗಿಲು ಹಾಕಿದ ತರಗತಿಗಳನ್ನು ನಾನು ಕಂಡಿದ್ದೇನೆ. ಒಬ್ಬನೇ ಹುಡುಗ ಬಂದ ಭಾನುವಾರವೂ ನಮ್ಮ ಮಾಷ್ಟ್ರು ಪೂರ್ತಿ ಎರಡು ಗಂಟೆ ಕಲಿಸಿದ್ದಾರೆ.

ಮೊದಲ ದಿನ ಏನು ತರಬೇಕು?

ಗೆರೆ ಇರುವ ಒಂದು ದಪ್ಪ ಪುಸ್ತಕ. ಪೆನ್ ಬೇಡ, ಪೆನ್ಸಿಲ್. ಮತ್ತೆ, ಮನೆಯಲ್ಲಿ ಹುಡುಕಿ, ಮಗುವಿಗೆ ಓದಲು ಬಾರದ ಒಂದು ಕನ್ನಡ ಬರಹ. ಹಳೆಯ ಮದುವೆಯ ಕಾಗದ, ಅಜ್ಜ ಬರೆದ ಪತ್ರ, ದೇವಸ್ಥಾನದ ರಶೀದಿ, ಅಡಿಕೆ ಮಾರಿದ ಚೀಟಿ, ಯಾವುದೂ ಆಗುತ್ತದೆ. ಅದನ್ನು ಒಂದು ಕವರಿನಲ್ಲಿ ಹಾಕಿ, ಮಗುವಿನ ಹೆಸರು ಬರೆದು ಕಪಾಟಿನಲ್ಲಿಡುತ್ತೇವೆ. ಮಗು ತಾನಾಗಿ ಕೇಳುವವರೆಗೆ ತೆರೆಯುವುದಿಲ್ಲ. ಜಾಗದ ದಾಖಲೆ, ಹಳೆ ಪತ್ರ ಇಂಥವುಗಳ ಮೂಲಪ್ರತಿ ಮಾತ್ರ ತರಬೇಡಿ, ಜೆರಾಕ್ಸ್ ಸಾಕು. ನಮ್ಮ ಕಪಾಟಿಗೆ ಮಳೆಗಾಲದಲ್ಲಿ ಗೆದ್ದಲು ಬರುತ್ತದೆ.